ಸಂತ್ರಸ್ತರಾಗಬಯಸುವವರ ಗಮನಕ್ಕೆ

ಶಿಕಾರಿಪುರ, ಸೊರಬ ತಾಲೂಕಿನ ಜನರ ಮೇಲೆ ನನ್ನದೊಂದು ದೂರಿದೆ. ಅವರಿಗೆ ಕ್ರಮಪ್ರಕಾರ ಊರು ಬಿಡಲು ಬರುವುದಿಲ್ಲ. ಜುಲೈ ತಿಂಗಳಲ್ಲಿ ಮಳೆ ಕೈಕೊಟ್ಟರೆ ಮೆಕ್ಕೆಜೋಳದ ಹೊಲದ ಬದುವಿನ ಮೇಲೆ ನಿಂತು ಒಂದಷ್ಟು ದಿನ ಮೋಡ ನೋಡುತ್ತಾರೆ. ಮೋಡ ಮುಗಿದ ಮೇಲೆ ಸಂಘದ ಕಂತಿನ ಪುಸ್ತಕ ನೋಡುತ್ತಾರೆ. ಅದನ್ನೂ ನೋಡಿ ಮುಗಿದ ಮೇಲೆ ಪಾತ್ರೆ, ಕಂಬಳಿ, ಮಕ್ಕಳನ್ನು ಕಟ್ಟಿಕೊಂಡು, ಮೇಸ್ತ್ರಿ ಕಳಿಸಿದ ಗಾಡಿ ಹತ್ತಿ, ಚಿಕ್ಕಮಗಳೂರಿನ ಕಾಫಿ ತೋಟಕ್ಕೋ ಮಂಡ್ಯದ ಕಬ್ಬಿನ ಗದ್ದೆಗೋ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಹೊರಟುಬಿಡುತ್ತಾರೆ. ಬಾಗಿಲಿಗೆ ಬೀಗ, ಬೀಗದ ಕೈ ಅಜ್ಜಿಯ ಸೊಂಟದಲ್ಲಿ. ತಹಶೀಲ್ದಾರರಿಗೆ ಒಂದು ಅರ್ಜಿಯಿಲ್ಲ, ಪಂಚಾಯಿತಿಗೆ ಒಂದು ತಿಳಿವಳಿಕೆಯಿಲ್ಲ, ಜಿಲ್ಲಾಧಿಕಾರಿಗಳಿಗೆ ಮೂರು ಪ್ರತಿಗಳಲ್ಲಿ ಮನವಿಯಂತೂ ಇಲ್ಲವೇ ಇಲ್ಲ.

ಇಂಥ ಅಶಿಸ್ತಿನ ಜನಕ್ಕೆ ಸರ್ಕಾರ ನೆರವಾಗುವುದಾದರೂ ಹೇಗೆ? ನೆರವಿಗೆ ಕೊರತೆಯಿದೆ ಎಂದು ಯಾರೂ ಹೇಳಲಾರರು. ಹವಾಮಾನ ಬದಲಾಗಿ ನೆಲೆ ಕಳೆದುಕೊಂಡವರ ಸಲುವಾಗಿ ವರ್ಷಕ್ಕೊಮ್ಮೆ ವಿಶ್ವದ ನಾಯಕರು ವಿಮಾನ ಹತ್ತುತ್ತಾರೆ. ದೆಹಲಿಯಲ್ಲಿ ಮಾರ್ಗಸೂಚಿ ಇದೆ, ಬೆಂಗಳೂರಿನಲ್ಲಿ ಕ್ರಿಯಾ ಯೋಜನೆ ಇದೆ, ಶಿವಮೊಗ್ಗದಲ್ಲಿ ಸಭಾಂಗಣ ಇದೆ. ಇಲ್ಲದಿರುವುದು ನಿಯಮಕ್ಕೆ ಒಪ್ಪುವ ಸಂತ್ರಸ್ತರು ಮಾತ್ರ. ಆ ಕೊರತೆ ನೀಗಲೆಂದು, ಮುಂದಿನ ಬರವೋ ನೆರೆಯೋ ಬರುವ ಮೊದಲು ಎರಡೂ ತಾಲೂಕಿನವರು ಓದಿಕೊಳ್ಳಬೇಕಾದ ಕೆಲವು ಸೂಚನೆಗಳನ್ನು ಇಲ್ಲಿ ಕೊಟ್ಟಿದೆ. ಸಲಹೆಗಳು ನನ್ನವು, ದರ, ಷರತ್ತುಗಳೆಲ್ಲ ಸರ್ಕಾರದವು. ಕಲ್ಪನಾಶಕ್ತಿಯಲ್ಲಿ ಸರ್ಕಾರದ ಜೊತೆ ಪೈಪೋಟಿಗೆ ಇಳಿಯುವ ಧೈರ್ಯ ನನಗಿಲ್ಲ.

ಸೂಚನೆ 1: ಬಿದ್ದು ಹೋಗಿ, ಒಣಗಿ ಹೋಗಬೇಡಿ

ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ ಯಾರಿಗೆ ಎಷ್ಟು ಕೊಡಬಹುದು ಎಂದು ಕೇಂದ್ರ ಗೃಹ ಸಚಿವಾಲಯ 2022ರಿಂದ 2026ರ ಅವಧಿಗೆ ಒಂದು ದರಪಟ್ಟಿ ಹೊರಡಿಸಿತು. ಮನೆಯ ಗೋಡೆಗೆ ಅಂಟಿಸಿಕೊಳ್ಳಬೇಕಾದ ಪಟ್ಟಿ ಅದು. ವಿಪತ್ತಿನಲ್ಲಿ ಮನುಷ್ಯ ಸತ್ತರೆ 4 ಲಕ್ಷ ರೂಪಾಯಿ. ಕರೆಯುವ ಎಮ್ಮೆ ಸತ್ತರೆ 37,500. ಉಳುವ ಎತ್ತು ಸತ್ತರೆ 32,000. ಕುರಿ, ಮೇಕೆಗೆ 4,000. ಕೋಳಿಗೆ 100. ಬಯಲು ಸೀಮೆಯಲ್ಲಿ ಮನೆ ಪೂರ್ತಿ ಬಿದ್ದರೆ 1.2 ಲಕ್ಷ. ಅರೆಬರೆ ಬಿದ್ದರೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಆದರೆ ಕನಿಷ್ಠ ಶೇ. 15ರಷ್ಟಾದರೂ ಬಿದ್ದಿರಬೇಕು. ನಿಮ್ಮ ಗೋಡೆ ಶೇ. 14ಕ್ಕೆ ನಿಂತಿದ್ದರೆ ಅವಸರಪಟ್ಟು ಅರ್ಜಿ ಹಾಕಬೇಡಿ. ಇನ್ನೊಂದು ಮಳೆಗೆ ಕಾಯಿರಿ.

ಬಟ್ಟೆಬರೆಗೆ 2,500, ಪಾತ್ರೆಪಗಡಕ್ಕೆ 2,500 ಸಿಗುತ್ತದೆ. ಅದಕ್ಕೆ ಮನೆ ಕೊಚ್ಚಿಹೋಗಿರಬೇಕು ಅಥವಾ ಪೂರ್ತಿ ಬಿದ್ದಿರಬೇಕು, ಇಲ್ಲವೇ ನೀರು ಎರಡು ದಿನಕ್ಕಿಂತ ಹೆಚ್ಚು ಒಳಗೆ ನಿಂತಿರಬೇಕು. ಒಂದೂವರೆ ದಿನಕ್ಕೇ ಇಳಿದುಹೋಗುವ ಚಾಳಿ ಸೊರಬದ ದಂಡಾವತಿ ಹೊಳೆಗೆ ಇದ್ದರೆ, ದಂಡೆಯವರು ಈ ಷರತ್ತನ್ನು ಅದಕ್ಕೆ ಓದಿ ಹೇಳುವುದು ಒಳ್ಳೆಯದು.

ಈಗ ಈ ಪಟ್ಟಿಯಲ್ಲಿ ನಿಮ್ಮನ್ನು ನೀವು ಹುಡುಕಿಕೊಳ್ಳಿ. ನೀವು ಸತ್ತಿಲ್ಲ. ನಿಮ್ಮ ಎಮ್ಮೆಯೂ ಸತ್ತಿಲ್ಲ, ಮೇವಿಲ್ಲದೆ ಅದನ್ನು ಅರ್ಧ ಬೆಲೆಗೆ ಮಾರಿದ್ದೀರಿ. ಮಾರಿದ ಎಮ್ಮೆ ಸರ್ಕಾರದ ಲೆಕ್ಕದಲ್ಲಿ ಲಾಭ. ಮನೆಯೂ ಬಿದ್ದಿಲ್ಲ. ಬರಗಾಲಕ್ಕೆ ಗೋಡೆ ಕೆಡವುವ ಅಭ್ಯಾಸವಿಲ್ಲ. ಅದು ಒಲೆ ಆರಿಸಿ, ಬಾಗಿಲು ಹಾಕಿಸಿ ಹೋಗುತ್ತದೆ. ಬೀಗ ಬಿದ್ದ ಮನೆ ಎಂಜಿನಿಯರ್ ಕಣ್ಣಿಗೆ ಸುಸ್ಥಿತಿಯಲ್ಲಿರುವ ಮನೆ. ಒಳಗೆ ಜನ ಇಲ್ಲದ್ದರಿಂದ ಇನ್ನಷ್ಟು ಸುಸ್ಥಿತಿ. ಕೋಳಿ ಸತ್ತರೆ 100 ರೂಪಾಯಿ ಉಂಟು. ಆ ಕೋಳಿ ಸಾಕಿದವಳು ಆರು ತಿಂಗಳು ಊರು ಬಿಟ್ಟರೆ ಅವಳಿಗೊಂದು ಖಾನೆಯೇ ಇಲ್ಲ. ಹೀಗಿರುವಾಗ ಒಣಗಿ ಹೋಗುವುದು ಶುದ್ಧ ಅವಿವೇಕ. ಸಾಧ್ಯವಾದಷ್ಟೂ ಸದ್ದು ಮಾಡಿಕೊಂಡು ಬೀಳಿರಿ.

ಸೂಚನೆ 2: ನಿಮ್ಮ ವಿಪತ್ತಿನ ವರ್ಷ ನೋಡಿಕೊಳ್ಳಿ

ಪಡುವಣಕ್ಕೆ ಸೊರಬದಲ್ಲಿ ಮಲೆನಾಡು ಮುಗಿಯುತ್ತದೆ, ಮೂಡಣಕ್ಕೆ ಶಿಕಾರಿಪುರದಲ್ಲಿ ಬಯಲುಸೀಮೆ ಶುರುವಾಗುತ್ತದೆ. ಹಾಗಾಗಿ ಅತ್ತ ವರದಾ ನದಿ ಉಕ್ಕಿ ನಾಟಿ ಮಾಡಿದ ಗದ್ದೆ ಕೊಳೆಯುವುದನ್ನೂ ಇತ್ತ ಜೋಳ ಸೂಲಂಗಿಯಲ್ಲೇ ಸೊರಗುವುದನ್ನೂ ಒಂದೇ ಉಪವಿಭಾಗದಲ್ಲಿ ನೋಡುವ ಅನುಕೂಲ ಇಲ್ಲಿನವರಿಗಿದೆ. ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು ಎಂಬ ಗೊಂದಲ ಇದ್ದವರು ಎರಡು ವರ್ಷಗಳನ್ನು ಹೋಲಿಸಿ ನೋಡಲಿ.

2019ರ ಆಗಸ್ಟ್‌ನಲ್ಲಿ ರಾಜ್ಯಕ್ಕೆ ನೆರೆ ಬಂತು. ಆಗ ಶಿಕಾರಿಪುರದ ಶಾಸಕರಾಗಿದ್ದ ಯಡಿಯೂರಪ್ಪನವರು ಜುಲೈ 26ರಂದು ಮುಖ್ಯಮಂತ್ರಿಯಾಗಿ ಪ್ರಮಾಣ ಸ್ವೀಕರಿಸಿದ್ದರು. ಮೊದಲ ಕಂತಿನ ಸಚಿವರು ಬಂದದ್ದು ಆಗಸ್ಟ್ 20ಕ್ಕೆ. ನಡುವಿನ ಅಷ್ಟೂ ದಿನ ನೀರು ಎಲ್ಲ ಕಡೆಯಿಂದ ಬಂತು, ಸರ್ಕಾರದಲ್ಲಿ ಮಾತ್ರ ಒಬ್ಬರೇ ಇದ್ದರು. ಸಂಪುಟದಲ್ಲಿ ಭಿನ್ನಮತ ಇಲ್ಲದೆ ತೀರ್ಮಾನವಾದ ಕಾಲ ಅಂದರೆ ಅದೇ. ತುರ್ತಿಗೆ 10,000, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಎಂದು ಘೋಷಣೆಯಾಯಿತು. ದೆಹಲಿಯ ದರಕ್ಕೆ ಹೋಲಿಸಿದರೆ ಅದು ದೊಡ್ಡ ಮನಸ್ಸೇ, ಒಪ್ಪಬೇಕು. ಆಮೇಲೆ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಎಗೆ 5 ಲಕ್ಷ, ಸಿಗೆ 50,000. ಒಂದೇ ಗೋಡೆಯ ಆಚೆಗಿನ ಅಣ್ಣ ಎ ಆಗಿ, ಈಚೆಗಿನ ತಮ್ಮ ಸಿ ಆದರೆ ಏನಾಗುತ್ತದೆ ಎಂಬುದನ್ನು ಪಾಲುಪಟ್ಟಿ ನೋಡಿದವರು ಊಹಿಸಿಕೊಳ್ಳಲಿ. ರಾಜ್ಯ ಅಂದಾಜಿಸಿದ ಒಟ್ಟು ನಷ್ಟ ಸುಮಾರು 35,000 ಕೋಟಿ. ಅಕ್ಟೋಬರ್‌ನಲ್ಲಿ ಕೇಂದ್ರದಿಂದ ಬಂದ ಮೊದಲ ಕಂತು 1,200 ಕೋಟಿ. ಉಳಿದದ್ದನ್ನು ಹೊಳೆಯೇ ಭರಿಸಿಕೊಳ್ಳಲಿ ಎಂಬ ಅಭಿಪ್ರಾಯ ಇದ್ದಿರಬಹುದು.

2023ರಲ್ಲಿ ಬರ ಬಂತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದಾಯಿತು. ಇದಕ್ಕೂ ಒಂದು ಕೈಪಿಡಿ ಇದೆ. ಮಳೆ ಎಷ್ಟು ಕಡಿಮೆ, ಎಷ್ಟು ವಾರ ಸತತವಾಗಿ ಬಂದಿಲ್ಲ ಎಂದು ಮೊದಲು ನೋಡಬೇಕು, ಆಮೇಲೆ ಶೇ. 10 ಊರುಗಳನ್ನು ಆರಿಸಿ, ಮುಖ್ಯ ಬೆಳೆಯ ಐದೈದು ತಾಕುಗಳಿಗೆ ಹೋಗಿ, ಪೈರು ನಿಜವಾಗಿ ಒಣಗಿದೆಯೇ ಅಥವಾ ಹಾಗೆ ನಟಿಸುತ್ತಿದೆಯೇ ಎಂದು ಪರೀಕ್ಷಿಸಬೇಕು. ಜೂನ್‌ನಲ್ಲಿ ಬಿತ್ತಿದ ಜೋಳಕ್ಕೆ ಸೆಪ್ಟೆಂಬರ್ 13ರಂದು ಬರ ಬಂದಿರುವುದು ಖಚಿತವಾಯಿತು. ಜೋಳಕ್ಕೆ ಅದು ಮೊದಲೇ ಗೊತ್ತಿತ್ತು. ರಾಜ್ಯ ಕೇಳಿದ್ದು 18,171 ಕೋಟಿ. ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ, 2024ರ ಏಪ್ರಿಲ್‌ನಲ್ಲಿ ಬಿಡುಗಡೆಯಾದದ್ದು 3,454 ಕೋಟಿ. ಅಲ್ಲಿಯವರೆಗೆ ಹಸಿದಿರಬಾರದೆಂದು ರಾಜ್ಯ ಮೊದಲ ಕಂತಾಗಿ ರೈತನೊಬ್ಬನಿಗೆ 2,000 ರೂಪಾಯಿವರೆಗೆ ಹಾಕಿತು. ಉದ್ಯೋಗ ಖಾತರಿಯಲ್ಲಿ 100 ದಿನವನ್ನು 150 ಮಾಡಿ ಎಂದು ರಾಜ್ಯ ಕೇಳಿತು, ಕೇಂದ್ರ ಕಡತ ನೋಡಿತು, ಜನ ಗಾಡಿ ನೋಡಿದರು.

ಆದರೆ ಆ ವರ್ಷ ಊರು ಬಿಡುವವರಿಗೆ ಸರ್ಕಾರ ಏನೂ ಮಾಡಲಿಲ್ಲ ಎನ್ನುವುದು ಕೃತಘ್ನತೆಯಾದೀತು. ಜೂನ್ 11ರಿಂದ ಶಕ್ತಿ ಯೋಜನೆ ಜಾರಿಗೆ ಬಂದಿತ್ತು. ಬರ ಬಂದು ಹೊರಡುವ ಹೆಂಗಸರಿಗೆ ಶಿಕಾರಿಪುರದಿಂದ ಚಿಕ್ಕಮಗಳೂರಿನವರೆಗೂ ಶೂನ್ಯ ಟಿಕೆಟ್. ಗಂಡಸಿನ ಟಿಕೆಟ್ಟಿಗೆ ಆ 2,000 ಇದ್ದೇ ಇತ್ತು. ನೆಲೆ ಕಳೆದುಕೊಂಡವರನ್ನು ಇಷ್ಟು ಸಲೀಸಾಗಿ ಸಾಗಹಾಕಿದ ಸರ್ಕಾರ ಜಗತ್ತಿನಲ್ಲಿ ಇನ್ನೊಂದಿದ್ದರೆ ತೋರಿಸಿ.

ಸೂಚನೆ 3: ಪಹಣಿ ಸಮೇತ ಒಣಗಿ

ಬೆಳೆ ಪರಿಹಾರ ಸಿಗುವುದು ಭೂಮಿಗೆ. ಅದರ ಮೇಲೆ ಬಗ್ಗಿದ ಬೆನ್ನಿಗಲ್ಲ. ಅದೇ ದರಪಟ್ಟಿಯಂತೆ ಮಳೆಯಾಶ್ರಿತ ಹೊಲಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ಗರಿಷ್ಠ ಎರಡು ಹೆಕ್ಟೇರ್, ಹಾನಿ ಶೇ. 33 ದಾಟಿರಬೇಕು, ಪಹಣಿ ನಿಮ್ಮ ಹೆಸರಿನಲ್ಲಿರಬೇಕು, ಅದು ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿರಬೇಕು, ಅದಕ್ಕೆ ಆಧಾರ್ ಅಂಟಿರಬೇಕು, ಆಧಾರ್‌ಗೆ ಬ್ಯಾಂಕ್ ಖಾತೆ ಅಂಟಿರಬೇಕು. ಗೇಣಿಗೆ ಮಾಡಿದವನ ಜೋಳ ಒಣಗಿದರೆ ಹಣ ಭೂಮಾಲೀಕನಿಗೆ ಹೋಗುತ್ತದೆ. ಕೂಲಿಯವಳಿಗೆ ಬೆಳೆಯೇ ಇಲ್ಲದ್ದರಿಂದ ನಷ್ಟವೂ ಇಲ್ಲ, ಲೆಕ್ಕ ಚೊಕ್ಕ. ಇನ್ನು ಬಗರ್‌ಹುಕುಂ ಸಾಗುವಳಿದಾರರು. ಅವರ ವಿಷಯದಲ್ಲಿ ಗ್ರಾಮ ಆಡಳಿತಾಧಿಕಾರಿಗೂ ಶಿಕಾರಿಪುರದ ತಾಂಡಾದ ಒಬ್ಬ ಮುದುಕಿಗೂ ನಡೆಯಬಹುದಾದ ಮಾತುಕತೆಯನ್ನು ಅಭ್ಯಾಸಕ್ಕಾಗಿ ಕೊಟ್ಟಿದೆ. ಮನೆಯಲ್ಲಿ ಇಬ್ಬಿಬ್ಬರು ನಿಂತು ಓದಿಕೊಳ್ಳಬಹುದು.

"ಅವ್ವಾ, ನಿನ್ನ ಹೆಸರಿಗೆ ಪಹಣಿ ಐತೇನು?"

"ಇಲ್ರೀ ಸಾಹೇಬ್ರ. ಮೂರೆಕರೆ ಬಗರ್‌ಹುಕುಂ. ನಮ್ಮ ಮಾವ ಇದ್ದಾಗ ಫಾರಂ 50 ಹಾಕಿದ್ರು."

"ಏನಾತು?"

"ಅದು ಹೋತು, 53 ಹಾಕ್ರಿ ಅಂದ್ರು. ನಮ್ಮ ಯಜಮಾನ್ರು ಹಾಕಿದ್ರು."

"ಆಮೇಲೆ?"

"ಅದೂ ಹೋತು, 57 ಹಾಕ್ರಿ ಅಂದ್ರು. ಮಗ ಹಾಕ್ಯಾನ."

"ಮತ್ತೇನವ್ವ, ನಂಬರ್ ಏರಾಕ ಹತ್ತೈತಲ್ಲ! ಆದ್ರ ಭೂಮಿ ಸದ್ಯ ಸರ್ಕಾರದ್ದು. ಭೂಮಿ ಸರ್ಕಾರದ್ದು ಅಂದ ಮ್ಯಾಲ ಬೆಳೆ ಹಾನಿನೂ ಸರ್ಕಾರದ್ದ. ನಿನಗ ಹೆಂಗ ಕೊಡಾಕ ಬರತೈತಿ?"

"ಹಂಗಾದ್ರ ಬೀಜ, ಗೊಬ್ಬರದ ಸಾಲನೂ ಸರ್ಕಾರದ್ದೇನ್ರಿ?"

"ಅದು ನಿಂದು."

"ಹಂಗಾದ್ರ ನಾ ಹೊಂಟೆ. ಕಾಫಿ ತ್ವಾಟದ ಗಾಡಿ ಬಂದೈತಿ."

"ಹೋಗೂದಕ್ಕ ಕಾರಣ ಬರೀಬೇಕವ್ವ. ಮಳೆ ಹೋತು ಅಂತ ಹೊಂಟೀಯೋ, ಸಾಲ ಆತು ಅಂತ ಹೊಂಟೀಯೋ?"

"ಮಳೆ ಹೋತು ಅಂತ ಜೋಳ ಹೋತು. ಜೋಳ ಹೋತು ಅಂತ ಸಾಲ ಆತು. ಸಾಲ ಆತು ಅಂತ ಹೊಂಟೀನಿ."

"ಮೂರರಾಗ ಒಂದ ಹೇಳು. ಜಾಗ ಒಂದಕ್ಕ ಐತಿ."

ಮುದುಕಿ ಉತ್ತರ ಕೊಡುವಷ್ಟರಲ್ಲಿ ಗಾಡಿ ಹಾರನ್ ಹೊಡೆಯುತ್ತದೆ. ಅಧಿಕಾರಿ "ಸ್ವಇಚ್ಛೆ" ಎಂದು ಬರೆದು ಪುಟ ತಿರುವುತ್ತಾನೆ. ಮನುಷ್ಯ ಊರು ಬಿಡುವುದರಲ್ಲಿ ಹವಾಮಾನದ ಪಾಲೆಷ್ಟು, ಬಡತನದ ಪಾಲೆಷ್ಟು ಎಂದು ವಿಜ್ಞಾನಿಗಳು ದಶಕಗಳಿಂದ ತಲೆ ಕೆಡಿಸಿಕೊಂಡಿದ್ದಾರೆ. ಪಂಚಾಯಿತಿ ಕಟ್ಟೆಯ ಮೇಲೆ ಅದು ಒಂದು ಹಾರನ್ನಿನೊಳಗೆ ಇತ್ಯರ್ಥವಾಯಿತು.

ಫಾರಂ 50 ತೊಂಬತ್ತರ ದಶಕದ ಶುರುವಿನದು, 53 ಆ ದಶಕದ ಕೊನೆಯದು, 57 ಬಂದದ್ದು 2018ರಲ್ಲಿ. ಈ ಬಗರ್‌ಹುಕುಂ ರೈತರ ಪರವಾಗಿ ಪಾದಯಾತ್ರೆ ಮಾಡಿದವರು ಇದೇ ಶಿಕಾರಿಪುರದಿಂದ ಹೋಗಿ ಮುಖ್ಯಮಂತ್ರಿಯಾದರು, ಅದೂ ಒಂದಕ್ಕಿಂತ ಹೆಚ್ಚು ಬಾರಿ. ಪಾದ ಬೆಂಗಳೂರು ಮುಟ್ಟಿತು. ಅರ್ಜಿ ಇನ್ನೂ ತಾಲೂಕು ಕಚೇರಿಯಲ್ಲಿದೆ.

ಸೂಚನೆ 4: ಹಿರಿಯ ಸಂತ್ರಸ್ತರನ್ನು ನೋಡಿ ಕಲಿಯಿರಿ

ಅನುಭವಿಗಳ ಮಾರ್ಗದರ್ಶನ ಬೇಕಿದ್ದರೆ ದೂರ ಹೋಗಬೇಕಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಕಣಿವೆ ತುಂಬಿದಾಗ ಸಾಗರ, ಹೊಸನಗರ ಕಡೆಯಿಂದ ಎದ್ದ ಕುಟುಂಬಗಳು ಜಿಲ್ಲೆಯ ನಾನಾ ಕಾಡಂಚುಗಳಲ್ಲಿ ಇಳಿದವು. ಅವರನ್ನು ಎಬ್ಬಿಸಿದ್ದು ಮಳೆಯಲ್ಲ, ಸರ್ಕಾರ. ಹಾಗಾಗಿ ಅವರದು ಪಕ್ಕಾ ದಾಖಲೆಯುಳ್ಳ, ಕ್ರಮಬದ್ಧವಾದ, ಮೇಲುದರ್ಜೆಯ ಸ್ಥಳಾಂತರ. ಅಂಥವರಿಗೇ ಏನಾಯಿತು ನೋಡಿ.

ಕೂರಿಸಿದ ಜಾಗ ಅರಣ್ಯದ್ದು ಎಂದು ಅರಣ್ಯ ಇಲಾಖೆ ನೆನಪಿಸಿತು. ಕಾಡಿನ ಪಟ್ಟಿಯಿಂದ ಅದನ್ನು ಬಿಡಿಸಿದ ರಾಜ್ಯದ ಆದೇಶಗಳು, ಕೇಂದ್ರದ ಒಪ್ಪಿಗೆ ಪಡೆದಿಲ್ಲವೆಂದು ಹೈಕೋರ್ಟಿನಲ್ಲಿ ಬಿದ್ದವು. ಸರಿ, ಅರಣ್ಯ ಹಕ್ಕು ಕಾಯ್ದೆ ಇದೆಯಲ್ಲ ಎಂದು ಹೋದರೆ ಅಲ್ಲೊಂದು ಚಿಕ್ಕ ಷರತ್ತು: ಪರಿಶಿಷ್ಟ ಪಂಗಡದವರಲ್ಲದಿದ್ದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿ ಬಾಳಿದ್ದು ರುಜುವಾಗಬೇಕು. ಎಂದರೆ 1930ರಿಂದ. 1930ರಲ್ಲಿ ಅವರ ಅಜ್ಜ ಇದ್ದ ಅಂಗಳದಲ್ಲಿ ಈಗ ಮೀನಿದೆ. ಅರವತ್ತರ ದಶಕದಲ್ಲಿ ತಾನೇ ಎಬ್ಬಿಸಿ ಕಳಿಸಿದವರಿಗೆ, ಮೂವತ್ತರಿಂದಲೇ ಇಲ್ಲಿದ್ದಿರೆಂದು ತೋರಿಸಿ ಎಂದು ಸರ್ಕಾರ ಕೇಳುತ್ತದೆ. ಒಂದು ದಾರಿಯುಂಟು. ಮಳೆ ಕೈಕೊಟ್ಟ ವರ್ಷ ಹಿನ್ನೀರು ಇಳಿದು ಮಡೆನೂರಿನ ಹಳೆಯ ಅಣೆಕಟ್ಟು ಮೇಲೇಳುತ್ತದೆ. ಆಗ ಅಧಿಕಾರಿಗಳನ್ನು ಅತ್ತ ಕರೆದೊಯ್ದು, ಕೆಸರಿನಲ್ಲಿ ಅಜ್ಜನ ಅಂಗಳದ ಗುರುತು ಸಿಕ್ಕರೆ ಅಲ್ಲೇ ಪಂಚನಾಮೆ ಮಾಡಿಸಿಕೊಳ್ಳಬಹುದು. ಬರಗಾಲದಿಂದ ಆಗುವ ಉಪಕಾರ ಇದೊಂದು.

ಈಗ ಅದೇ ಕಣಿವೆಯಲ್ಲಿ ತಲಕಳಲೆಗೂ ಗೇರುಸೊಪ್ಪೆಗೂ ನಡುವೆ ನೀರನ್ನು ಇಳಿಸಿ, ಮತ್ತೆ ಏರಿಸಿ, 2,000 ಮೆಗಾವಾಟ್ ವಿದ್ಯುತ್ ಮಾಡುವ ಯೋಜನೆ ಬಂದಿದೆ. ಸೂರ್ಯ, ಗಾಳಿಯ ವಿದ್ಯುತ್ತಿಗೆ ಬೆಂಬಲವಾಗಿ, ಹವಾಮಾನ ಕೆಡದಂತೆ ಕಾಯಲು ಇದು ಬೇಕಂತೆ. ಕಣಿವೆಯ ಜನ ಬೇಡವೆನ್ನುತ್ತಿದ್ದಾರೆ. ಅವರಿಗೆ ಅರ್ಥವಾಗಿಲ್ಲ: ಹವಾಮಾನ ಬದಲಾಯಿತೆಂದು ಕೆಲವರು ಏಳಬೇಕು, ಅದು ಬದಲಾಗದಿರಲೆಂದು ಇನ್ನು ಕೆಲವರು ಏಳಬೇಕು. ಕೂತಲ್ಲೇ ಕೂರುವವರು ಯೋಜನಾ ವರದಿ ಬರೆಯುವವರು ಮಾತ್ರ. ಅಣೆಕಟ್ಟಿನ ಮಾತೆತ್ತಿದರೆ ಸೊರಬದ ರೈತರು ದಂಡಾವತಿ ಅಣೆಕಟ್ಟಿನ ಯೋಜನೆಗೆ ವರ್ಷಗಟ್ಟಲೆ ಅಡ್ಡ ನಿಂತದ್ದು ಯಾಕೆಂದು ಈಗ ಹೊಳೆಯಿತಲ್ಲ? ಮುಳುಗಡೆಯಾದವರ ನೆಂಟಸ್ತಿಕೆ ಇದ್ದ ಊರುಗಳಲ್ಲಿ ಶಂಕುಸ್ಥಾಪನೆಯ ಕಲ್ಲು ಸುಲಭವಾಗಿ ಬೇರು ಬಿಡುವುದಿಲ್ಲ.

ಸೂಚನೆ 5: ಸಮುದ್ರದ ಬದಿಗೆ ಹೋಗಿ ಹುಟ್ಟಿ

ನೆಲೆ ಕಳೆದುಕೊಂಡವರನ್ನು ಬೇರೆಡೆ ನೆಲೆಗೊಳಿಸಲೆಂದೇ ದೇಶದಲ್ಲಿ ಹಣ ಇಲ್ಲವೇ ಎಂದರೆ ಇದೆ. ಹದಿನೈದನೇ ಹಣಕಾಸು ಆಯೋಗ ಅದಕ್ಕಾಗಿ 1,000 ಕೋಟಿ ರೂಪಾಯಿ ತೆಗೆದಿರಿಸಿತು. ಆದರೆ ಅದು ಕೊರೆತದಿಂದ ನೆಲ ಕಳೆದುಕೊಂಡವರಿಗೆ. ಕಡಲು ತಿಂದರೆ ಕೊಡುತ್ತಾರೆ, ದೊಡ್ಡ ಹೊಳೆ ದಂಡೆ ತಿಂದರೂ ಕೊಡುತ್ತಾರೆ, ಬಿಸಿಲು ತಿಂದರೆ ಕೊಡುವುದಿಲ್ಲ. ಬೇಸಿಗೆಯಲ್ಲಿ ಶಿಕಾರಿಪುರದ ಕುಮುದ್ವತಿ ಹೊಳೆ ಯಾರ ನೆಲವನ್ನಾದರೂ ಕೊರೆಯಬೇಕೆಂದರೆ ಮೊದಲು ಅದಕ್ಕೆ ಯಾರಾದರೂ ಟ್ಯಾಂಕರಿನಲ್ಲಿ ನೀರು ತರಿಸಬೇಕು.

ಅಂತಾರಾಷ್ಟ್ರೀಯ ಮಟ್ಟದಲ್ಲಿ ಪ್ರಯತ್ನಿಸುವವರು ಕಿರಿಬಾಟಿ ದ್ವೀಪದ ಇಯೋನೆ ಟೆಯಿಟಿಯೋಟನ ಕಥೆ ತಿಳಿದಿರಲಿ. ಸಮುದ್ರ ಏರಿ ತನ್ನ ದ್ವೀಪದಲ್ಲಿ ಬಾಳುವಂತಿಲ್ಲ, ಆಶ್ರಯ ಕೊಡಿ ಎಂದು ಆತ ನ್ಯೂಜಿಲೆಂಡಿನಲ್ಲಿ ಕೇಳಿದ. ಅಲ್ಲಿನ ಸುಪ್ರೀಂ ಕೋರ್ಟ್ 2015ರಲ್ಲಿ ಆಗದು ಎಂದಿತು. ಆತನನ್ನು ವಾಪಸು ಕಳಿಸಿದರು. ವಿಶ್ವಸಂಸ್ಥೆಯ ಮಾನವ ಹಕ್ಕು ಸಮಿತಿ, 2020ರಲ್ಲಿ ಹೊರಬಿದ್ದ ನಿರ್ಣಯದಲ್ಲಿ, ಹವಾಮಾನದಿಂದ ಜೀವಕ್ಕೇ ಅಪಾಯವಿದ್ದರೆ ಅಂಥವರನ್ನು ವಾಪಸು ಕಳಿಸಬಾರದು ಎಂಬ ದೊಡ್ಡ ತತ್ವವನ್ನು ಎತ್ತಿಹಿಡಿಯಿತು, ಮತ್ತು ಆತನ ಅರ್ಜಿಯನ್ನು ಒಪ್ಪಲಿಲ್ಲ. ತತ್ವ ಗೆದ್ದಿತು, ಮನುಷ್ಯ ಸೋತ. ನಾಲ್ಕೂ ಕಡೆ ಸಮುದ್ರ ಇದ್ದವನ ಪಾಡೇ ಹೀಗಾದರೆ, ನಾಲ್ಕೂ ಕಡೆ ಒಣಗಿದ ಜೋಳ ಇದ್ದವರ ಪಾಡು ಕೇಳಬೇಕೆ? 1951ರ ನಿರಾಶ್ರಿತರ ಒಪ್ಪಂದದಲ್ಲಿ ಹವಾಮಾನದ ಮಾತೇ ಇಲ್ಲ. ಇದ್ದಿದ್ದರೂ ಭಾರತ ಅದಕ್ಕೆ ಸಹಿ ಹಾಕಿಲ್ಲ. ಹಾಕಿದ್ದರೂ ಶಿಕಾರಿಪುರದವರು ದಾಟುವುದು ದೇಶದ ಗಡಿಯನ್ನಲ್ಲ, ತರೀಕೆರೆಯನ್ನು.

ಹವಾಮಾನ ಬದಲಾಗಿ ಬಡ ದೇಶಗಳಿಗೆ ಆಗುವ ನಷ್ಟ ತುಂಬಿಕೊಡುವ ನಿಧಿಗೆ 2022ರಲ್ಲಿ ಶರ್ಮ್ ಎಲ್ ಶೇಖ್‌ನಲ್ಲಿ ಒಪ್ಪಿಗೆ ಸಿಕ್ಕಿತು, 2023ರಲ್ಲಿ ದುಬೈಯಲ್ಲಿ ಚಾಲನೆ ಸಿಕ್ಕಿತು. ಅದು ಶಿರಾಳಕೊಪ್ಪದ ಬಸ್ ನಿಲ್ದಾಣದಲ್ಲಿ ಇಳಿದ ಸುದ್ದಿ ಮಾತ್ರ ಬಂದಿಲ್ಲ.

ಸೂಚನೆ 6: ನೀರು ಬಂದರೂ ಗಂಟು ಬಿಚ್ಚಬೇಡಿ

ಬರಕ್ಕೆ ಮದ್ದು ನೀರು ಎಂಬುದು ಈ ಸೀಮೆಗೆ ಹೊಸ ಜ್ಞಾನವಲ್ಲ. ಶಿಕಾರಿಪುರ ತಾಲೂಕಿನ ತಾಳಗುಂದದ ಸ್ತಂಭ ಶಾಸನವನ್ನು ನಾವು ಮಯೂರಶರ್ಮನ ಶೌರ್ಯಕ್ಕಾಗಿ ಪಾಠದಲ್ಲಿ ಓದುತ್ತೇವೆ. ಅದನ್ನು ಬರೆಸಿದ್ದು, ಕದಂಬರ ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ್ದನ್ನು ಹೇಳಲು. ಹದಿನೈದು ಶತಮಾನದ ಕೆಳಗೆ ಕೆರೆಯೇ ಸುದ್ದಿ, ಯುದ್ಧ ಪೀಠಿಕೆ. ಈಗಲೂ ಹಾಗೆಯೇ. ಅಕ್ಕಪಕ್ಕದ ಈ ಎರಡು ತಾಲೂಕುಗಳು ನಾಡಿಗೆ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟಿವೆ. ಸೊರಬದ ಬಂಗಾರಪ್ಪನವರು ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಕೊಟ್ಟರು. ಯಡಿಯೂರಪ್ಪನವರ ಕಾಲದಲ್ಲಿ ಉಡುಗಣಿ, ತಾಳಗುಂದ, ಹೊಸೂರು ಭಾಗದ ಕೆರೆಗಳಿಗೆ ಏತ ನೀರಾವರಿ ಬಂತು. ಸೊರಬಕ್ಕೆ ಮೂಡಿ, ಮೂಗೂರು ಯೋಜನೆಗಳು ಬಂದವು. ಒಬ್ಬರು ನೆಲದೊಳಗಿನ ನೀರನ್ನು ಮೇಲೆತ್ತಿಸಿದರು, ಇನ್ನೊಬ್ಬರು ಹೊಳೆಯದನ್ನು. ಕೆರೆ ತುಂಬುವುದು ಒಳ್ಳೆಯದೇ. ಅದನ್ನು ಬೇಡ ಎನ್ನುವವನಿಗೆ ಈ ಊರಲ್ಲಿ ನೀರು ಕೊಡಬಾರದು.

ಆದರೆ ತುಂಬಿದ ಕೆರೆ ಯಾರ ಮನೆಯ ಬೀಗ ತೆಗೆಸಿತು? ನೀರು ಬಂದದ್ದೇ ಗದ್ದೆಗೆ ಅಡಿಕೆ ಸಸಿ ಬಂತು. ಗದ್ದೆಯಿದ್ದಾಗ ನಾಟಿಗೆ, ಕಳೆಗೆ, ಕೊಯ್ಲಿಗೆ, ಒಕ್ಕಣೆಗೆ ಕೇರಿಯಿಂದ ಆಳು ಕರೆಯಬೇಕಿತ್ತು. ಹನಿ ನೀರಾವರಿಯ ವಾಲ್ವ್ ತಿರುಗಿಸಲು ಯಜಮಾನನ ಎರಡು ಬೆರಳು ಸಾಕು. ಫಸಲು ಬಂದಾಗ ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟರಾಯಿತು. ಚೇಣಿದಾರನ ಜನ ಅವನ ಜೊತೆಗೇ ಬರುತ್ತಾರೆ. ಉಳಿದ ಜಮೀನು ಶುಂಠಿಗೆ ಗುತ್ತಿಗೆ ಹೋದರೆ ಗೇಣಿಗೆ ಉಳುತ್ತಿದ್ದವನಿಗೆ ಬದುವೂ ಇಲ್ಲ. ಭೂಮಿಯಿದ್ದವರು ಹವಾಮಾನ ಬದಲಾವಣೆಗೆ ಹೀಗೆ ಸೊಗಸಾಗಿ ಹೊಂದಿಕೊಂಡರು. ಅವರು ಹೊಂದಿಕೊಂಡದ್ದಕ್ಕೆ ಜಾಗ ಮಾಡಿಕೊಡಲು ಇಲ್ಲದವರು ಗಾಡಿ ಹತ್ತಿದರು. ಹಾಗಾಗಿ ಬರ ಬಂದ ವರ್ಷ ನೀರಿಲ್ಲವೆಂದು ಹೊರಡಿ, ನೀರು ಬಂದ ವರ್ಷ ಕೆಲಸವಿಲ್ಲವೆಂದು ಹೊರಡಿ. ಗಂಟು ಬಿಚ್ಚಿ ಮತ್ತೆ ಕಟ್ಟುವ ಶ್ರಮ ಉಳಿಯುತ್ತದೆ.

ಸೂಚನೆ 7: ಹಳೆಯ ಕಾಲದ ಕೆಟ್ಟ ಮಾದರಿಗಳನ್ನು ಎತ್ತಿ ತೋರಿಸಬೇಡಿ

ಕೆಲವು ಕಿಡಿಗೇಡಿಗಳು ಬಳ್ಳಿಗಾವೆಯ ಕೋಡಿಯ ಮಠದ ಶಾಸನವನ್ನು ತೋರಿಸಿ ಸರ್ಕಾರವನ್ನು ಮುಜುಗರಕ್ಕೆ ಸಿಕ್ಕಿಸುತ್ತಾರೆ. 1162ರ ಶಾಸನ, ಬಿಜ್ಜಳನ ಕಾಲದ್ದು, ಇದೇ ಶಿಕಾರಿಪುರ ತಾಲೂಕಿನದು. ದೀನರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಹಾಡುವವರಿಗೆ, ಕುಣಿಯುವವರಿಗೆ, ನಾನಾ ಮತಗಳ ಸನ್ಯಾಸಿಗಳಿಗೆ ಅಲ್ಲಿ ಅನ್ನ ಸಿಗುತ್ತಿತ್ತಂತೆ. ದಿಕ್ಕಿಲ್ಲದ ರೋಗಿಗಳಿಗೆ ಔಷಧ ಸಿಗುತ್ತಿತ್ತಂತೆ. ಹೆದರಿ ಬಂದ ಎಲ್ಲ ಜೀವಕ್ಕೂ ಅಭಯ ಸಿಗುತ್ತಿತ್ತಂತೆ. ಕೇಳಲು ಚೆನ್ನಾಗಿದೆ. ಲೆಕ್ಕಪರಿಶೋಧನೆಗೆ ಒಡ್ಡಿದರೆ ತಡೆಯುತ್ತದೆಯೇ? ಆಕ್ಷೇಪಣೆಗಳನ್ನು ನೋಡಿ:

ಒಂದು, ಫಲಾನುಭವಿಗಳ ಆಯ್ಕೆಗೆ ಗ್ರಾಮಸಭೆಯ ಠರಾವಿಲ್ಲ. ಎರಡು, ಕುಂಟರ ಅಂಗವೈಕಲ್ಯ ಶೇಕಡಾ ಎಷ್ಟೆಂಬ ವೈದ್ಯಕೀಯ ದೃಢೀಕರಣ ಲಗತ್ತಿಸಿಲ್ಲ. ಮೂರು, ಉಂಡವರು ತಾಲೂಕಿನ ಒಳಗಿನವರೋ ಹೊರಗಿನವರೋ ದಾಖಲಾಗಿಲ್ಲ. ನಾಲ್ಕು, ಹಸಿವಿಗೆ ಕಾರಣ ಮಳೆಯೋ ಸಾಲವೋ ಎಂದು ವಿಚಾರಿಸದೆ ಅನ್ನ ಬಡಿಸಿ ಮಠದ ಬೊಕ್ಕಸಕ್ಕೆ ನಷ್ಟ ಉಂಟುಮಾಡಲಾಗಿದೆ. ಐದು, ಎಲ್ಲ ಜೀವಕ್ಕೂ ಅಭಯ ಎಂಬ ಶೀರ್ಷಿಕೆಯಡಿ ವೆಚ್ಚಕ್ಕೆ ಗರಿಷ್ಠ ಮಿತಿಯನ್ನೇ ನಮೂದಿಸಿಲ್ಲ. ಆರು, ಕೋಳಿಯ ದರ ಎಲ್ಲಿಯೂ ಇಲ್ಲ.

ಇಷ್ಟೆಲ್ಲ ಲೋಪ ಇರುವ ಸಂಸ್ಥೆ ಇವತ್ತು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕವಾಗಿರುವುದು ಸರಿಯೇ ಆಗಿದೆ. ಅಂಥವನ್ನು ಸಂರಕ್ಷಿಸಬೇಕು, ಅನುಸರಿಸಬಾರದು.

ಕೊನೆಯದಾಗಿ, ಅಧಿಕಾರಿಗಳ ಗಮನಕ್ಕೆ

ಇಷ್ಟು ಹೇಳಿದ ಮೇಲೆ ಅಧಿಕಾರಿಗಳಿಗೂ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಊರು ಬಿಟ್ಟವರಿಗೆ ನೆರವಾಗಲು ಮನಸ್ಸಿದೆ, ಆದರೆ ಯಾರು, ಎಷ್ಟು ಜನ, ಎಲ್ಲಿಗೆ ಹೋಗಿದ್ದಾರೆಂಬ ಪಟ್ಟಿಯೇ ಇಲ್ಲವಲ್ಲ ಎಂಬುದು ಅವರ ನಿಟ್ಟುಸಿರು. ಪಟ್ಟಿ ಇದ್ದರೆ ಏನೇನು ಮಾಡಬಹುದು ಎಂಬುದು ಅವರಿಗೇ ಗೊತ್ತು: ಗಾಡಿ ಬರುವ ಮೊದಲೇ, ಪೈರು ಬಾಡಿದ ವಾರದಲ್ಲೇ ಊರೊಳಗೆ ಕೆಲಸ ಶುರು ಮಾಡುವುದು; ಗೇಣಿದಾರನ, ಕೂಲಿಯವಳ ಹೆಸರನ್ನೂ ಪರಿಹಾರದ ಪಟ್ಟಿಗೆ ಸೇರಿಸುವುದು; ಅಜ್ಜಿಯ ಬಳಿ ಉಳಿದ ಮಕ್ಕಳಿಗೆ ಹಾಸ್ಟೆಲು, ಜೊತೆಗೆ ಹೋದ ಮಕ್ಕಳಿಗೆ ಕಾಫಿ ತೋಟದ ಹತ್ತಿರದ ಶಾಲೆಯಲ್ಲಿ ಒಂದು ಬೆಂಚು; ಮೇಸ್ತ್ರಿ ಕೊಟ್ಟ ಮುಂಗಡಕ್ಕೂ ಕೂಲಿಗೂ ಒಂದು ಲಿಖಿತ ಲೆಕ್ಕ. ಇದರಲ್ಲಿ ಯಾವುದಕ್ಕೂ ದುಬೈಗೆ ಹೋಗಬೇಕಿಲ್ಲ. ಪಟ್ಟಿಯೊಂದು ಬೇಕು, ಅಷ್ಟೆ.

ಆ ಪಟ್ಟಿ ಇದೆ, ಸ್ವಾಮಿ. ತಾಲೂಕು ಕಚೇರಿಯಲ್ಲಿಲ್ಲ, ಎಲ್ಲ ಪಕ್ಷಗಳ ಬೂತ್ ಕಾರ್ಯಕರ್ತರ ಜೇಬಿನಲ್ಲಿದೆ. ಯಾವ ತಾಂಡಾದ ಎಷ್ಟು ಮನೆಯವರು ಯಾವ ಎಸ್ಟೇಟಿನಲ್ಲಿದ್ದಾರೆ, ಯಾರ ಫೋನ್ ನಂಬರು ಯಾವುದು, ಮೇಸ್ತ್ರಿ ಯಾರು, ಮನೆಗೆ ಎಷ್ಟು ಓಟು, ಎಲ್ಲವೂ ಇದೆ. ಮತದಾನದ ಹಿಂದಿನ ದಿನ ಆ ವಿಳಾಸಗಳಿಗೆ ನೇರವಾಗಿ ಗಾಡಿ ಹೋಗುತ್ತದೆ. ದಾರಿಯಲ್ಲಿ ಊಟ, ಬೆರಳಿಗೆ ಶಾಯಿ ಬಿದ್ದ ಸಂಜೆಗೇ ವಾಪಸು. ಬರ ಬಂದಾಗ ಕಾಣಿಸದ ಜನ ಚುನಾವಣೆ ಬಂದಾಗ ಒಬ್ಬೊಬ್ಬರಾಗಿ ಎಣಿಕೆಗೆ ಸಿಗುತ್ತಾರೆ. ಆ ಗಾಡಿಗೆ ಬಾಡಿಗೆ ಯಾರು ಕೊಡುತ್ತಾರೆಂದು ಕೇಳುವಷ್ಟು ಸಣ್ಣ ಮನಸ್ಸು ನನಗಿಲ್ಲ. ಡ್ರೈವರನಿಗೆ ದಾರಿ ಗೊತ್ತಿದೆ ಎಂಬುದಂತೂ ಸಾಬೀತಾಯಿತು. ಮುಂದಿನ ಸಲ ಜೋಳ ಬಾಡಿದ ವಾರ, ತಹಶೀಲ್ದಾರರು ಅದೇ ಡ್ರೈವರನಿಗೆ ಫೋನ್ ಮಾಡಿದರೆ ಸಾಕು.